ಬಾಕ್ಸಿಗೊಂದು ಫೈಲ್, ಯೂಟ್ಯೂಬಿಗೊಂದು ಫೈಲ್

ನಾನು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ಮನೆ ನಡೆಯುವುದು ಮಾತ್ರ ಬೇರೆಯವರ ಹಾಡು ಮಾಸ್ಟರ್ ಮಾಡಿ, ಅಂದರೆ ಬಿಡುಗಡೆಗೆ ಮುಂಚೆ ಕೊನೆಯ ಹದ ಕೊಟ್ಟು, ಬರುವ ದುಡ್ಡಿನಿಂದ. ಬೆಂಗಳೂರಿಗೋ ಹೈದರಾಬಾದಿಗೋ ಹೋಗದೆ ಕಲಬುರಗಿಯಲ್ಲೇ ಕೂತು ಇದು ಹೇಗೆ ನಡೆಯುತ್ತದೆ ಅಂತ ಹುಡುಗರು ಕೇಳುತ್ತಿರುತ್ತಾರೆ. ಫೋನಿನಲ್ಲಿ ಅದನ್ನೇ ಎಷ್ಟು ಸಲ ಹೇಳುವುದು? ಒಮ್ಮೆ ಬರೆದೇ ಬಿಡುತ್ತೇನೆ.

ಶುರುವಾಗಿದ್ದು ಸೌಂಡ್ ಸರ್ವಿಸ್‌ನಲ್ಲಿ. ನಮ್ಮ ಓಣಿಯ ಕಾಕಾ ಒಬ್ಬರು ಮದುವೆ, ಜಯಂತಿ, ಗಣಪತಿ ಮೆರವಣಿಗೆಗೆ ಬಾಕ್ಸ್, ಅಂದರೆ ದೊಡ್ಡ ಸ್ಪೀಕರ್, ಕಟ್ಟುತ್ತಿದ್ದರು. ಪಿಯುಸಿ ಮುಗಿಸಿ ಖಾಲಿ ಇದ್ದ ನನ್ನನ್ನು ವೈರ್ ಎಳೆಯಲು ಕರೆದರು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ನಮ್ಮೂರಲ್ಲಿ ಎಷ್ಟು ಜೋರಾಗಿ ನಡೆಯುತ್ತದೆ ಅಂತ ಜಗತ್ ಸರ್ಕಲ್‌ನಲ್ಲಿ ನಿಂತು ನೋಡಿದವರಿಗೆ ಗೊತ್ತು. ಆ ಸೀಸನ್ ಬಂತೆಂದರೆ ಭೀಮಗೀತೆಗಳಿಗೆ ಹೊಸ ಬೀಟ್ ಬೇಕು. ಗಣಪತಿ ಬಂದರೆ ನಾನ್‌ಸ್ಟಾಪ್ ಬೇಕು. ಕಾಕಾನ ಹಳೇ ಕಂಪ್ಯೂಟರಿನಲ್ಲಿ ಎಫ್‌ಎಲ್ ಸ್ಟುಡಿಯೋ ಅಂತ ಹಾಡು ಮಾಡುವ ಸಾಫ್ಟ್‌ವೇರ್ ಇತ್ತು. ಹಗಲು ವೈರ್, ರಾತ್ರಿ ರೀಮಿಕ್ಸ್. ಮನೆಯಲ್ಲಿ ಕೇಳಿದಾಗ ಭರ್ಜರಿ ಅನ್ನಿಸಿದ ಬೀಟು ಬಾಕ್ಸಿನ ಮುಂದೆ ಬರೀ ಗೊಜಗೊಜ ಆಗುವುದು, ಮನೆಯಲ್ಲಿ ಸಪ್ಪೆ ಅನ್ನಿಸಿದ್ದು ಅಲ್ಲಿ ಎದೆಗೆ ಬಡಿಯುವುದು, ಇವನ್ನೆಲ್ಲ ರಸ್ತೆಯಲ್ಲೇ ಕಲಿತೆ. ಆಮೇಲೆ ಯಾವ ಕೋರ್ಸಿನಲ್ಲೂ ಇಷ್ಟು ಬೇಗ ಕಲಿಯಲಿಲ್ಲ.

ನನ್ನದೇ ಸಂಗೀತ ಶುರುವಾಗಿದ್ದು ಗಂಜ್ ಮಾರ್ಕೆಟ್ಟಿನ ಹತ್ತಿರದ ದಾಲ್ ಮಿಲ್‌ನಿಂದ. ತೊಗರಿ ಸೀಸನ್‌ನಲ್ಲಿ ಜಾಲರಿ ಅಲ್ಲಾಡುವ ಸದ್ದಿಗೆ ಒಂದು ತಾಳ ಇರುತ್ತದೆ. ಬೆಲ್ಟ್ ಸ್ವಲ್ಪ ಸಡಿಲ ಇದ್ದರೆ ಅದು ಒಂಟಿ ಕಾಲಿನಲ್ಲಿ ನಡೆದಂತೆ ಕುಂಟುತ್ತದೆ. ಅದನ್ನು ಫೋನಿನಲ್ಲಿ ಹಿಡಿದು, ಕತ್ತರಿಸಿ, ಕೆಳಗೆ ಒಂದು ಸಿಂಥ್ ಬೇಸ್ (ಎಲೆಕ್ಟ್ರಾನಿಕ್ ಆಗಿ ಹುಟ್ಟಿಸಿದ ತಗ್ಗು ದನಿ) ಇಟ್ಟೆ. ಶಹಾಬಾದ್ ಕಲ್ಲು ಕೊಯ್ಯುವ ಮಶಿನ್, ಮೊಹರಂನ ಹಲಗಿ, ಸ್ಟೇಷನ್ನಿನ ಅನೌನ್ಸ್‌ಮೆಂಟ್ ಎಲ್ಲ ಸೇರಿಕೊಂಡವು. ಇದೇನು ಫಾರಿನ್ ಹುಚ್ಚು ಅಂತ ಗೆಳೆಯರು ನಗುತ್ತಿದ್ದರು. ಫಾರಿನ್ ಏನಲ್ಲ. ಅಹಮದಾಬಾದಿನ ಎನ್‌ಐಡಿ ಅನ್ನುವ ಡಿಸೈನ್ ಸಂಸ್ಥೆಯಲ್ಲಿ 1969ರಲ್ಲೇ ಮೋಗ್ ಸಿಂಥಸೈಜರ್ ಇಟ್ಟುಕೊಂಡು ಎಲೆಕ್ಟ್ರಾನಿಕ್ ಸ್ಟುಡಿಯೋ ನಡೆಸಿದ್ದರು. ನಮ್ಮಪ್ಪ ಆಗಿನ್ನೂ ಚಡ್ಡಿ ಹಾಕುತ್ತಿದ್ದ.

ಟ್ರ್ಯಾಕುಗಳನ್ನು ಬ್ಯಾಂಡ್‌ಕ್ಯಾಂಪ್‌ಗೆ ಹಾಕಿದೆ, ಕಲಾವಿದರು ತಮ್ಮ ಹಾಡು ತಾವೇ ಮಾರುವ ವೆಬ್‌ಸೈಟ್ ಅದು. ಡಿಜಿಟಲ್ ಮಾರಾಟದಲ್ಲಿ ಅವರು ಸಾಮಾನ್ಯವಾಗಿ ಶೇ. 15, ಜೊತೆಗೆ ಪಾವತಿಯ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಕಲಾವಿದರಿಗೆ ಕೊಡುತ್ತಾರೆ. ಮಾರಾಟ ಆಯಿತು. ಎಷ್ಟು ಅಂದರೆ, ಒಂದು ಒಳ್ಳೆ ಹೆಡ್‌ಫೋನ್ ಬರುವಷ್ಟು. ಆದರೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಪರಿಚಯಗಳು. ನನ್ನ ಟ್ರ್ಯಾಕ್ ಕೇಳಿದ ಬೆಂಗಳೂರಿನ ಹುಡುಗ ಒಬ್ಬ, 'ಬೇಸ್ ಇಷ್ಟು ಕ್ಲೀನ್ ಹೇಗೆ ಬಂತು, ನಂದೂ ಮುಗಿಸಿಕೊಡ್ತೀರಾ?' ಅಂತ ಮೆಸೇಜ್ ಮಾಡಿದ. ಹಾಗೆ ಮೊದಲ ಮಾಸ್ಟರಿಂಗ್ ಕೆಲಸ ಬಂತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮದುವೆ, ಮೆರವಣಿಗೆ ಎಲ್ಲ ಬಂದ್. ಕಾಕಾನ ಬಾಕ್ಸುಗಳು ಗೋಡೌನಿನಲ್ಲಿ ಧೂಳು ತಿನ್ನುತ್ತಾ ಕೂತವು. ಅತ್ತ ಮನೆಯಲ್ಲಿ ಕೂತ ಹುಡುಗರೆಲ್ಲ ಹಾಡು ಮಾಡತೊಡಗಿದರು. ಅದೇ ತಿಂಗಳು ಬ್ಯಾಂಡ್‌ಕ್ಯಾಂಪ್‌ನವರು ಒಂದು ಶುಕ್ರವಾರ ತಮ್ಮ ಪಾಲು ಬಿಟ್ಟುಕೊಟ್ಟರು, ಆಮೇಲೆ ಅದನ್ನೇ ಮುಂದುವರಿಸಿದರು. ಆ ಶುಕ್ರವಾರಕ್ಕೆ ಮುಂಚೆ ಹಾಡು ರೆಡಿ ಆಗಬೇಕು ಅಂತ ಎಲ್ಲರಿಗೂ ಅರ್ಜೆಂಟು. ಕೆಲಸ ತಾನಾಗಿ ಬಂತು.

ಮಾಸ್ಟರಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹಾಡುವವರ ದನಿ, ಡ್ರಮ್, ಕೀಬೋರ್ಡ್ ಎಲ್ಲವನ್ನೂ ಬೇರೆ ಬೇರೆ ಹಿಡಿದು ಒಂದಕ್ಕೊಂದು ಹೊಂದಿಸುವುದು ಮಿಕ್ಸಿಂಗ್. ಅದು ಮುಗಿದ ಮೇಲೆ ಎಡ ಬಲ ಅಂತ ಎರಡೇ ಚಾನೆಲ್ ಇರುವ ಒಂದು ಫೈಲ್ ಉಳಿಯುತ್ತದೆ. ನನ್ನ ಕೈಗೆ ಬರುವುದು ಆ ಫೈಲ್. ದನಿ ಕಡಿಮೆ ಇದೆ ಅಂತ ದನಿಯನ್ನಷ್ಟೇ ಎತ್ತಲು ನನಗೆ ಆಗುವುದಿಲ್ಲ, ಎತ್ತಿದರೆ ಅದೇ ಜಾಗದ ಬೇರೆ ವಾದ್ಯವೂ ಏಳುತ್ತದೆ. ಹಾಗಾಗಿ ಇದು ಅರ್ಧ ಡಿಬಿ, ಒಂದು ಡಿಬಿಯ ಕೆಲಸ. ಡಿಬಿ ಅಂದರೆ ಡೆಸಿಬೆಲ್, ಶಬ್ದದ ಜೋರಿನ ಅಳತೆ. ಎಲ್ಲ ಹಾಡುಗಳೂ ಒಂದೇ ಆಲ್ಬಂನವು ಅನ್ನಿಸಬೇಕು, ಫೋನಿನಲ್ಲೂ ಬಾಕ್ಸಿನಲ್ಲೂ ಕಾರಿನಲ್ಲೂ ಹಾಡು ಹಾಡಾಗಿಯೇ ಕೇಳಬೇಕು. ಕೊನೆಗೆ ಹಾಡಿಗೆ ಹಾಡಿನ ನಡುವಿನ ಗ್ಯಾಪ್, ಪ್ರತಿ ರೆಕಾರ್ಡಿಂಗಿನ ಗುರುತಿನ ಐಎಸ್‌ಆರ್‌ಸಿ ಕೋಡ್, ಸಿಡಿಗೆ ಬೇಕಿದ್ದರೆ 44.1 ಕಿಲೋಹರ್ಟ್ಜ್, 16 ಬಿಟ್ ಫೈಲ್. ಈ ಕೊನೆಯ ಭಾಗ ಬರೀ ಗುಮಾಸ್ತಗಿರಿ.

ಇದಕ್ಕೆ ಪ್ಲಗಿನ್ ಅನ್ನುವ ಸಾಫ್ಟ್‌ವೇರ್ ಸಲಕರಣೆಗಿಂತ ಮೊದಲು ಕೋಣೆ ಬೇಕು. ನನ್ನದು ಮಹಡಿ ಮೇಲಿನ ಕೋಣೆ. ಉದ್ದ ಹನ್ನೆರಡು ಅಡಿ, ಅಗಲ ಹತ್ತು, ಎತ್ತರವೂ ಹತ್ತು. ಅಗಲ ಮತ್ತು ಎತ್ತರ ಒಂದೇ ಇರುವುದು ಈ ಕೆಲಸಕ್ಕೆ ಶಾಪ. ಎದುರುಬದುರು ಗೋಡೆಗಳ ನಡುವೆ ಒಂದು ಅಲೆಯ ಅರ್ಧ ಭಾಗ ಸರಿಯಾಗಿ ಕೂತಾಗ ಆ ಸ್ವರ ಕೋಣೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ ಅಂತ ಲೆಕ್ಕ ಹಾಕಿದರೆ ಹತ್ತಡಿಗೆ ಸುಮಾರು 56 ಹರ್ಟ್ಜ್, ಅಂದರೆ ಸೆಕೆಂಡಿಗೆ 56 ಕಂಪನ, ಬರುತ್ತದೆ. ಆದರೆ 343 ಅನ್ನುವುದು 20 ಡಿಗ್ರಿಯ ಲೆಕ್ಕ. ನಮ್ಮ ಮೇ ತಿಂಗಳ 40 ಡಿಗ್ರಿಯಲ್ಲಿ ಶಬ್ದ ಇನ್ನೂ ಬೇಗ ಓಡುತ್ತದೆ, 355ರ ಹತ್ತಿರ. ಆಗ ಅದೇ ಜಾಗ 58 ಹರ್ಟ್ಜ್. ಕಿಕ್ ಡ್ರಮ್ಮಿನ ದಪ್ಪ ಏಟು ಕೂರುವುದೂ ಅಲ್ಲೇ! ನಡುವೆ ಕುರ್ಚಿ ಹಾಕಿ ಕೂತರೆ ಕಿಕ್ ಮಾಯ. ಎದ್ದು ಗೋಡೆಗೆ ಒರಗಿದರೆ ಗುಮ್ಮ್ ಅಂತ ಬಡಿಯುತ್ತದೆ. ಯಾವುದನ್ನು ನಂಬುವುದು?

ಮೊಟ್ಟೆ ಟ್ರೇ ಅಂಟಿಸು ಅಂದವರೇ ಜಾಸ್ತಿ. ದಯವಿಟ್ಟು ಅಂಟಿಸಬೇಡಿ. ಅದು ಬೇಸ್ ಅನ್ನು ಮುಟ್ಟುವುದೂ ಇಲ್ಲ, ಜಿರಳೆ ಬೇರೆ ಬರುತ್ತವೆ. ಬೇಸ್ ಹೀರಲು ದಪ್ಪ ಸಾಮಾನು ಬೇಕು. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳಿವೆ, ಬಿಸಿ ಪೈಪಿಗೆ ಸುತ್ತುವ ರಾಕ್‌ವೂಲ್ ತರಿಸಿಕೊಡುವವರು ಸಿಕ್ಕರು. ಬಡಗಿಯಿಂದ ಆರಿಂಚಿನ ಚೌಕಟ್ಟು ಮಾಡಿಸಿ, ಒಳಗೆ ಅದನ್ನು ತುಂಬಿ, ಗಾದಿ ಹೊಲಿಯುವವರ ಹತ್ತಿರ ಬಟ್ಟೆ ಹೊದಿಸಿ, ನಾಲ್ಕೂ ಮೂಲೆಗೆ ಮತ್ತು ತಲೆ ಮೇಲೆ ನಿಲ್ಲಿಸಿದೆ. ನೆಲ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು, ಚಪ್ಪಾಳೆ ತಟ್ಟಿದರೆ ಟಣ್ ಅನ್ನುತ್ತಿತ್ತು, ಅದಕ್ಕೆ ಜಮಖಾನ. ಕುರ್ಚಿಯನ್ನು ಸರಿಯಾಗಿ ನಡುವೆ ಇಡದೆ ಸ್ವಲ್ಪ ಹಿಂದೆ ಮುಂದೆ ಸರಿಸುತ್ತಾ, ಅಳತೆ ಮೈಕಿನಲ್ಲಿ ನೋಡುತ್ತಾ, ಕಿಕ್ ವಾಪಸ್ ಬರುವ ಜಾಗ ಹುಡುಕಿ ನೆಲಕ್ಕೆ ಟೇಪ್ ಅಂಟಿಸಿದೆ. ಕೆಲಸದವಳು ಆ ಟೇಪನ್ನು ಕಿತ್ತು ನೆಲ ಒರೆಸಿದ ದಿನ ಮನೆಯಲ್ಲಿ ದೊಡ್ಡ ಜಗಳ.

ಇನ್ನು ಧಗೆ. ಕಲಬುರಗಿಯ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಬದುಕುವುದೇ ಕಷ್ಟ. ಆದರೆ ಕೂಲರ್ ಹಾಕಿದರೆ ಹಾಡು ಕೊನೆಗೆ ಮೆಲ್ಲಗೆ ಇಳಿಯುವ ಫೇಡ್ ಕೇಳುವುದಿಲ್ಲ, ರಿವರ್ಬ್ (ಮಾರ್ದನಿ) ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. ಫ್ಯಾನ್ ಕೂಡ ಹಾಗೇ, ರೆಕ್ಕೆಗೆ ತಾಗಿ ಬಂದ ದನಿ ನಡುಗುತ್ತದೆ. ಹಾಗಾಗಿ ನನ್ನ ಕೆಲಸ ಬೆಳಗಿನ ಜಾವ ನಾಲ್ಕಕ್ಕೆ ಶುರು, ಬಿಸಿಲು ಏರುವ ಹೊತ್ತಿಗೆ ಮುಗಿದಿರಬೇಕು. ಅವ್ವ ಚಹಾ ತಂದಾಗಲೆಲ್ಲ ಬಾಗಿಲಲ್ಲೇ ನಿಂತು ಬೈಯುತ್ತಾಳೆ: 'ಇಂಥ ಧಗಿ ಒಳಗ ಫ್ಯಾನ್ ಬಂದ್ ಮಾಡ್ಕೊಂಡು ಕುಂತೀಯಲ್ಲೋ, ತಲಿ ಕೆಟ್ಟದೇನು ನಿಂದು?' ಕೆಟ್ಟಿಲ್ಲ ಅಂತ ಹೇಳುವಷ್ಟರಲ್ಲಿ ಕರೆಂಟು ಹೋಗುತ್ತದೆ. ಯುಪಿಎಸ್ ಕುಂಯ್ ಅನ್ನುತ್ತದೆ. ಅದರ ಬಾಯಿ ಮುಚ್ಚಿಸಲು ಆಗುವುದಿಲ್ಲ, ಅದನ್ನು ಬಾಗಿಲಾಚೆ ಇಟ್ಟಿದ್ದೇನೆ.

ಊರಿನ ಗಿರಾಕಿಗಳಲ್ಲಿ ಜಾನಪದ ಹಾಡು ಮಾಡುವ ಹುಡುಗರೇ ಜಾಸ್ತಿ. ಉತ್ತರ ಕರ್ನಾಟಕದ ಯೂಟ್ಯೂಬ್ ಜಾನಪದ ಈಗ ದೊಡ್ಡ ಪೇಟೆ. ಒಬ್ಬ ಹುಡುಗ ಜೇವರ್ಗಿ ಕಡೆಯಿಂದ ಬೈಕಿನಲ್ಲಿ ಬಂದಿದ್ದ. ನಾನು ಕಳಿಸಿದ್ದ ಫೈಲ್ ಅವನಿಗೆ ಹಿಡಿಸಿರಲಿಲ್ಲ.

'ಅಣ್ಣಾ, ಆವಾಜ್ ಕಮ್ಮಿ ಅದ. ಬಾಜೂ ಟ್ರ್ಯಾಕ್ಟರಿನ ಹಾಡು ನಮ್ಮದನ್ನ ನುಂಗ್ತದ.'

ಆವಾಜ್ ಜಾಸ್ತಿ ಮಾಡುವುದು ಕಷ್ಟವೇನಲ್ಲ. ಶಬ್ದದ ತುದಿಗಳನ್ನು ಅದುಮುವ ಲಿಮಿಟರ್ ಹಾಕಿ ದೂಡಿದರೆ ಆಯಿತು. ಆದರೆ ದೂಡಿದಷ್ಟೂ ಹಲಗಿಯ ಏಟಿನ ತುದಿ ಮೊಂಡಾಗುತ್ತದೆ. ಯೂಟ್ಯೂಬ್, ಸ್ಪಾಟಿಫೈ ಹಾಡಿನ ಒಟ್ಟು ಜೋರನ್ನು ಎಲ್‌ಯುಎಫ್‌ಎಸ್ ಅನ್ನುವ ಅಳತೆಯಲ್ಲಿ ನೋಡುತ್ತವೆ. 2006ರಲ್ಲಿ ಐಟಿಯು ಅನ್ನುವ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಈ ಅಳತೆಯ ವಿಧಾನ ಗೊತ್ತುಮಾಡಿತು, 2010ರಲ್ಲಿ ಯುರೋಪಿನ ಟಿವಿ, ರೇಡಿಯೋದವರು ಅದರ ಮೇಲೆ ತಮ್ಮ ನಿಯಮ ಕಟ್ಟಿದರು. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ಕ್ಕೆ (ಮೈನಸ್ ದೊಡ್ಡದಾದಷ್ಟೂ ಜೋರು ಕಡಿಮೆ) ತಂದು ನಿಲ್ಲಿಸುತ್ತದೆ, ಯೂಟ್ಯೂಬ್ ಕೂಡ ಹತ್ತಿರಹತ್ತಿರ ಅಲ್ಲಿಗೇ. ನೀವು ಮೈನಸ್ 7ಕ್ಕೆ ದೂಡಿ ಕಳಿಸಿದರೆ ಅವರು ಏಳು ಡಿಬಿ ಇಳಿಸುತ್ತಾರೆ. ಜೋರೂ ಉಳಿಯಲಿಲ್ಲ, ಹಲಗಿಯೂ ಹೋಯಿತು. ಬೇಕಿದ್ದರೆ ಕಂಪ್ಯೂಟರಿನಲ್ಲಿ ಯೂಟ್ಯೂಬ್ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿ. ಕಂಟೆಂಟ್ ಲೌಡ್‌ನೆಸ್ ಅಂತ ಒಂದು ಅಂಕಿ ಕಾಣುತ್ತದೆ. ಅದು 6 ಡಿಬಿ ಅಂತಿದ್ದರೆ ಅಷ್ಟು ಇಳಿಸಿದ್ದಾರೆ ಅಂತ.

ಇದನ್ನೆಲ್ಲ ಅವನಿಗೆ ಪಾಠ ಮಾಡಲಿಲ್ಲ. ನಾನು ಕಳಿಸಿದ್ದು, ಲಿಮಿಟರ್ ಹಾಕಿ ದೂಡಿದ್ದು, ಎರಡೂ ಫೈಲನ್ನು ಒಂದೇ ಜೋರಿಗೆ ತಂದು ಒಂದಾದ ಮೇಲೆ ಒಂದು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ. 'ಹೌದಣ್ಣ, ಇದ್ರಾಗ ಹಲಗಿ ಹೊಡ್ತ ಚಲೋ ಕೇಳ್ತದ' ಅಂದ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಮಾತು: 'ಆದ್ರ ಟ್ರ್ಯಾಕ್ಟರಿನಾಗ ಯೂಟ್ಯೂಬ್ ಎಲ್ಲಿ ಹಚ್ತಾರಣ್ಣ? ಪೆನ್‌ಡ್ರೈವ್ ಹಾಕ್ತಾರ.'

ಅವನ ಮಾತು ಖರೇ. ಪೆನ್‌ಡ್ರೈವಿನಲ್ಲಿ ಯಾರೂ ಆವಾಜ್ ಇಳಿಸುವುದಿಲ್ಲ. ಅಲ್ಲಿ ಜೋರಿನ ಪೈಪೋಟಿ ಇನ್ನೂ ಜೀವಂತ. ಪುಸ್ತಕದಲ್ಲಿ ಅದು ಮುಗಿದ ಯುದ್ಧ, ನಮ್ಮ ಹೊಲದ ದಾರಿಯಲ್ಲಿ ಅಲ್ಲ. ಅಂದಿನಿಂದ ಜಾನಪದದವರಿಗೆ ಎರಡು ಮಾಸ್ಟರ್ ಕೊಡುತ್ತೇನೆ. ಯೂಟ್ಯೂಬಿನದು ಉಸಿರಾಡುವಂತೆ, ಮೈನಸ್ 11ರ ಆಸುಪಾಸು. ಪೀಕ್, ಅಂದರೆ ಶಬ್ದದ ತುತ್ತತುದಿ, ಮೈನಸ್ 1 ಡಿಬಿ ದಾಟದಂತೆ, ಯಾಕೆಂದರೆ ಎಂಪಿ3, ಎಎಸಿಗೆ ಇಳಿಸುವಾಗ ಪೀಕುಗಳು ಮೇಲೆ ಚಿಮ್ಮಿ ಒಡೆಯುತ್ತವೆ. ಬಾಕ್ಸಿನದು ಜೋರಾಗಿಯೇ ಇರುತ್ತದೆ. ಆದರೆ ಅಲ್ಲಿ ಬೇರೆ ಕಿತಾಪತಿ. 35 ಹರ್ಟ್ಜ್ ಕೆಳಗಿನದನ್ನು ಕತ್ತರಿಸುತ್ತೇನೆ, ಊರಿನಲ್ಲಿ ಕಟ್ಟಿದ ಬಾಕ್ಸ್ ಅದನ್ನು ಹೇಗೂ ನುಡಿಸುವುದಿಲ್ಲ, ಸುಮ್ನೆ ಆಂಪ್ಲಿಫೈಯರ್ ಕಾಯುತ್ತದೆ. ಬೇಸ್ ಪೂರ್ತಿ ಮೋನೋ, ಎರಡೂ ಕಡೆ ಒಂದೇ, ಅಲ್ಲಿ ಎಡ ಬಲ ನೋಡಿ ವೈರ್ ಜೋಡಿಸುವವರು ಯಾರು? ಮೂರು ಕಿಲೋಹರ್ಟ್ಜ್ ಹತ್ತಿರ ಸ್ವಲ್ಪ ಇಳಿಕೆ, ಹಾರ್ನಿನಲ್ಲಿ ಹಾಡುವವರ ದನಿ ಕಿವಿ ಕೊರೆಯಬಾರದು ಅಂತ. ಕಾಕಾನ ಹತ್ತಿರ ವೈರ್ ಎಳೆದದ್ದು ಇಲ್ಲಿ ದುಡ್ಡಾಯಿತು. ಬೆಂಗಳೂರಿನ ದೊಡ್ಡ ಸ್ಟುಡಿಯೋದವರಿಗೆ ಈ ಬಾಕ್ಸುಗಳ ಗುಣ ಗೊತ್ತಿರುವುದು ಕಷ್ಟ.

ಮನಸ್ಸಿಗೆ ಹತ್ತಿರವಾದ ಕೆಲಸ ಬೇರೆ. ಆಳಂದ ತಾಲೂಕಿನ ಒಂದು ಭಜನಾ ಮೇಳದವರು ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಮಠದ ಪಡಸಾಲೆಯಲ್ಲಿ ರೆಕಾರ್ಡ್ ಮಾಡಿಸಿದ್ದರು. ಒಂದೇ ರೆಕಾರ್ಡರ್, ನಡುವೆ ಇಟ್ಟದ್ದು. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ಆರೇಳು ದನಿ, ಹೊರಗೆ ನಾಯಿ. ಕೆಳಗೆ 50 ಹರ್ಟ್ಜ್ ಕರೆಂಟಿನ ಗುಂಯ್, ಅದರ ಮರಿಗಳು 100ಕ್ಕೆ, 150ಕ್ಕೆ. ಅವನ್ನು ತೆಳ್ಳಗೆ ಕತ್ತರಿಸಿದೆ. ಪೂರ್ತಿ ತೆಗೆದರೆ ದಮ್ಮಡಿಯ ಹೊಟ್ಟೆಯೂ ಹೋಗುತ್ತದೆ, ಹಾಗಾಗಿ ಸ್ವಲ್ಪ ಉಳಿಸಿದೆ. ದೊಡ್ಡ ತೊಂದರೆ ತಾಳದ್ದು. ರೆಕಾರ್ಡರಿಗೆ ಹತ್ತಿರ ಕೂತವರೇ ತಾಳದವರು. ಐದು ಕಿಲೋಹರ್ಟ್ಜ್ ಹತ್ತಿರ ಪ್ರತಿ ಏಟೂ ಸೂಜಿ. ಪದ ಕೇಳಿಸುತ್ತಿರಲಿಲ್ಲ. ಡೈನಮಿಕ್ ಇಕ್ಯೂ ಹಾಕಿ, ತಾಳ ಬಿದ್ದ ಗಳಿಗೆಯಲ್ಲಿ ಮಾತ್ರ ಆ ಜಾಗ ನಾಲ್ಕು ಡಿಬಿ ಕುಗ್ಗುವಂತೆ ಮಾಡಿದೆ. ನನಗೆ ಖುಷಿಯಾಯಿತು.

ಮೇಳದ ಮುತ್ಯಾ (ಅಜ್ಜ) ಮಗನ ಜೊತೆ ಕೇಳಲು ಬಂದರು. ಹೆಡ್‌ಫೋನ್ ಬ್ಯಾಡ ಅಂದರು. ಸ್ಪೀಕರಿನ ಮುಂದೆ ಜಮಖಾನದ ಮೇಲೆ ಕೂತು ಒಂದು ಪದ ಪೂರ್ತಿ ಕೇಳಿದರು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ನಡುವೆ ನಿಂತುಹೋಯಿತು.

'ತಾಳ ಯಾಕ ಹಿಂದ ಸರಸೀದಿ, ತಮ್ಮಾ?'

'ಪದ ಕೇಳಸ್ತಿರಲಿಲ್ಲ ಮುತ್ಯಾ.'

'ಪದ ಎಲ್ಲರಿಗೂ ಗೊತ್ತದ. ತಾಳ ಹಿಂದ ಸರದ್ರ ಕುಂತು ಹಾಡೋರು ಎಲ್ಲಿ ನಿಂದರಬೇಕು?'

ಆ ರೆಕಾರ್ಡಿಂಗ್ ಕೇಳುವವರು ಸುಮ್ನೆ ಕೇಳುವುದಿಲ್ಲ, ಜೊತೆಗೆ ಹಾಡುತ್ತಾರೆ. ಅದು ನನ್ನ ತಲೆಗೆ ಬಂದೇ ಇರಲಿಲ್ಲ. ನಾಲ್ಕು ಡಿಬಿ ಇದ್ದದ್ದನ್ನು ಒಂದೂವರೆಗೆ ತಂದೆ. ಮುಖ್ಯ ದನಿ ನಡುವೆ ಇದ್ದದ್ದರಿಂದ ಎಡ ಬಲ ಎರಡರಲ್ಲೂ ಒಂದೇ ಇರುವ ನಡುವಿನ ಭಾಗದಲ್ಲಿ ಮಾತ್ರ ಎರಡು ಕಿಲೋಹರ್ಟ್ಜ್ ಹತ್ತಿರ ಚೂರು ಎತ್ತಿದೆ. ಮುತ್ಯಾನ ಬೆರಳು ಕೊನೆವರೆಗೂ ಆಡಿತು. ಪದದಿಂದ ಪದಕ್ಕೆ ಎಷ್ಟು ಗ್ಯಾಪ್ ಬಿಡಲಿ ಅಂತ ಕೇಳಿದಾಗ, ಏಕತಾರಿಯ ತಂತಿ ಬಿಗಿ ಮಾಡಿಕೊಳ್ಳುವಷ್ಟು ಬಿಡು ಅಂದರು. ರೆಕಾರ್ಡಿಂಗಿನಲ್ಲೇ ಒಂದು ಕಡೆ ಅವರು ತಂತಿ ಬಿಗಿ ಮಾಡುವುದು ಇತ್ತು. ಅದರ ಉದ್ದವನ್ನೇ ಎಲ್ಲ ಕಡೆ ಇಟ್ಟೆ.

ದುಡ್ಡಿನ ವಿಷಯ. ಊರಿನ ಹಾಡಿಗೆ 800 ರೂಪಾಯಿ ತೆಗೆದುಕೊಳ್ಳುತ್ತೇನೆ, ಎರಡು ಮಾಸ್ಟರಿಗೆ 1200. ಹೊರದೇಶದವರಿಗೆ ಹಾಡಿಗೆ 35 ಡಾಲರ್. ಅವರಿಗೆ ಅದು ಅಗ್ಗ, ನನಗೆ ತಿಂಗಳ ಬಾಡಿಗೆ, ಕಂತು ಎಲ್ಲ ಅದರಲ್ಲೇ. ಆನ್‌ಲೈನ್ ಪಾವತಿಯ ಕಂಪನಿ ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ, ಹೊರಗಿನದು ಬರುತ್ತದೆ. ದುಡ್ಡು ಯಾವ ಕೆಲಸದ್ದು ಅಂತ ತಿಳಿಸುವ ಪರ್ಪಸ್ ಕೋಡ್ ಸರಿಯಾಗಿ ಕೊಟ್ಟಿದ್ದರೆ ತಾನಾಗಿ ಬ್ಯಾಂಕಿಗೆ ಬಂದು ಬೀಳುತ್ತದೆ. ಒಂದು ಲೇಬಲ್‌ನವರು ಪೂರ್ತಿ ಆಲ್ಬಂ ಮಾಡಿಸಿಕೊಂಡು, ಬಿಡುಗಡೆಯನ್ನೂ ಮಾಡಿ, ದುಡ್ಡು ಕೇಳಿದರೆ ಮೇಲ್ ನೋಡುವುದನ್ನೇ ಬಿಟ್ಟರು. ಆಮೇಲೆ ಪದ್ಧತಿ ಬದಲಾಯಿತು. ಮೊದಲು ಅರ್ಧ ನಿಮಿಷದ ಸ್ಯಾಂಪಲ್ ಪುಕ್ಕಟೆ. ಹಿಡಿಸಿದರೆ ಅರ್ಧ ಅಡ್ವಾನ್ಸ್. ಪೂರ್ತಿ ಹಾಡನ್ನು ನಡುವೆ ಬೀಪ್ ಹಾಕಿ ಕೇಳಿಸುತ್ತೇನೆ. ಬಾಕಿ ಬಂದ ಮೇಲೆ ಬೀಪ್ ಇಲ್ಲದ್ದು. ಪರಿಚಯದವರಿಗೂ ಇದೇ ನಿಯಮ. ಸಂಬಂಧ ಉಳಿಯಬೇಕಾದರೆ ಇದೇ ಚಲೋ.

ಮಾಸ್ಟರಿಂಗ್ ಮಾಡಿದವನಿಗೆ ರಾಯಲ್ಟಿ ಇಲ್ಲ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ರೆಕಾರ್ಡಿಂಗಿನ ಹಕ್ಕು ಅದನ್ನು ದುಡ್ಡು ಹಾಕಿ ಮಾಡಿಸಿದವರದ್ದು. ಹಾಡಿಗೆ ಕೊಟ್ಟ ಕೂಲಿ, ಅಷ್ಟೇ. ನನಗೆ ಅದರ ಬೇಜಾರಿಲ್ಲ. ಬೇಜಾರು ಇನ್ನೊಂದಕ್ಕೆ. ಜಾನಪದದ ಹುಡುಗರು ತಾವೇ ಬರೆದು, ತಾವೇ ರಾಗ ಹಾಕಿದ ಹಾಡನ್ನು ಯಾವುದೋ ಚಾನೆಲ್ಲಿಗೆ ಒಂದೇ ಕಂತಿಗೆ ಮಾರಿಬಿಡುತ್ತಾರೆ. 2012ರ ತಿದ್ದುಪಡಿ ಆದ ಮೇಲೆ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಹಾಗೆಲ್ಲ ಬರೆಸಿಕೊಳ್ಳಲು ಬರುವುದಿಲ್ಲ. ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸೊಸೈಟಿಗೆ ಸದಸ್ಯರಾಗಿ ಹಾಡು ನೋಂದಾಯಿಸಿ ಅಂತ ಬಂದವರಿಗೆಲ್ಲ ಹೇಳುತ್ತೇನೆ. ಕೇಳಿಸಿಕೊಳ್ಳುವವರು ಕಡಿಮೆ. 'ಈಗ ಐದು ಸಾವಿರ ಕೈಗೆ ಬರ್ತದಲ್ಲಣ್ಣ' ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನದೇ ಟ್ರ್ಯಾಕುಗಳಿಂದ ಸ್ಪಾಟಿಫೈ ಕೊಡುವುದು ಲೆಕ್ಕಕ್ಕೇ ಇಲ್ಲ. 2024ರಿಂದ ಒಂದು ಟ್ರ್ಯಾಕ್ ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸಿಕೊಂಡಿರದಿದ್ದರೆ ಪೈಸೆಯೂ ಇಲ್ಲ. ದಾಲ್ ಮಿಲ್ ಸಂಗೀತವನ್ನು ಸಾವಿರ ಸಲ ಕೇಳುವವರು ಎಲ್ಲಿದ್ದಾರೆ?

ಕಿವಿಯ ಬಗ್ಗೆ ಹೇಳಲೇಬೇಕು. 85 ಡಿಬಿಯಲ್ಲಿ ದಿನಕ್ಕೆ ಎಂಟು ತಾಸು ಇರಬಹುದು ಅಂತ ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯಾಷ್ ಸಂಸ್ಥೆಯ ಲೆಕ್ಕ. ಮೂರು ಡಿಬಿ ಏರಿದಂತೆಲ್ಲ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. 100 ಡಿಬಿಗೆ ಬರುವಾಗ ಹದಿನೈದೇ ನಿಮಿಷ. ಮೆರವಣಿಗೆಯ ಬಾಕ್ಸಿನ ಮುಂದೆ ಅದು ಎಷ್ಟಿರುತ್ತದೆ ಅಂತ ಅಳೆಯುವುದೇ ಬೇಡ. ಈಗಲೂ ಕಾಕಾ ಸೀಸನ್ನಿಗೆ ಕರೆಯುತ್ತಾರೆ. ಹೋಗುತ್ತೇನೆ, ಕಿವಿಗೆ ಪ್ಲಗ್ ಹಾಕಿಕೊಂಡು, ಜನರೇಟರ್ ಗಾಡಿಯ ಹಿಂದೆ ನಿಲ್ಲುತ್ತೇನೆ. ಹುಡುಗರು ನಗುತ್ತಾರೆ, ನಗಲಿ. ವರ್ಷಕ್ಕೊಮ್ಮೆ ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆ, ಮಾಡಿಸುತ್ತೇನೆ. ಮನೆಯಲ್ಲಿ ಕೆಲಸ ಮಾಡುವಾಗಲೂ ಸ್ಪೀಕರಿನ ಜೋರು ಒಂದೇ ಗುರುತಿನಲ್ಲಿ, ಮಾತಾಡುವ ದನಿಗಿಂತ ತುಸು ಮೇಲೆ. ಜೋರು ಮಾಡಿ ಕೇಳಿದರೆ ಎಲ್ಲ ಹಾಡೂ ಚಲೋ ಅನ್ನಿಸುತ್ತವೆ, ಬೇಸೂ ಟ್ರೆಬಲ್ಲೂ ಉಬ್ಬಿ ಕೇಳುತ್ತವೆ. ಅದು ಕಿವಿಯ ಗುಣ.

ನನ್ನ ಆಲ್ಬಂ ಅನ್ನು ಮಾತ್ರ ನಾನು ಮಾಸ್ಟರ್ ಮಾಡುವುದಿಲ್ಲ. ಅಷ್ಟು ಸಲ ಕೇಳಿದ ಮೇಲೆ ಅದರಲ್ಲಿ ಏನಿದೆ, ಏನಿಲ್ಲ ಅಂತ ನನಗೆ ಗೊತ್ತಾಗುವುದಿಲ್ಲ. ಮನಸ್ಸು ಇಲ್ಲದ್ದನ್ನೂ ಕೇಳಿಸುತ್ತದೆ. ಪುಣೆಯಲ್ಲಿರುವ ಗೆಳೆಯನೊಬ್ಬನಿಗೆ ಕಳಿಸುತ್ತೇನೆ, ಅವನ ರೇಟು ಪೂರ್ತಿ ಕೊಟ್ಟು. ಹೋದ ಸಲ ಅವನು ಫೋನ್ ಮಾಡಿ, ಮೂರನೇ ಟ್ರ್ಯಾಕಿನ ಉದ್ದಕ್ಕೂ ಒಂದು ಟಕ್ ಟಕ್ ಸದ್ದಿದೆ, ಕ್ಲಿಕ್ ಅನ್ನಿಸುತ್ತದೆ, ತೆಗೆಯಲೇ ಅಂದ. ಅದು ಮಿಲ್ಲಿನ ಸಡಿಲ ಬೆಲ್ಟು. ಬೇಡ, ಬಿಡು ಅಂದೆ.